ಅತ್ತೆಯ ಮುದ್ದೆ ಬಟ್ಟಲು

ನನ್ನ ಚೊಚ್ಚಲು ಮಗಳು ಗಟ್ಟಿಯಾಗಿ ಹುಟ್ಟಿದ್ದು ಯಾವ ದೇವರ ಹರಕೆಯಿಂದಲೂ ಅಲ್ಲ, ಸೂಲಗಿತ್ತಿಯ ಕೈಗುಣದಿಂದಲೂ ಅಲ್ಲ. ನಾನು ಒಂದು ಮರದ ಬಟ್ಟಲನ್ನು ಕದ್ದುಮುಚ್ಚಿ ಕೆರೆದೆ, ಅದಕ್ಕೇ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟು.

ಆ ಬಟ್ಟಲನ್ನು ಕಾಯುತ್ತಿದ್ದವಳು ನಮ್ಮತ್ತೆ. ಗಂಡನ ತಾಯಿ, ನಮ್ಮಪ್ಪನ ಅಕ್ಕ, ಎರಡೂ ಅವಳೇ. ಮಹಾರಾಜರು ಮೈಸೂರು ಆಳಿದರೆ ಆಳಲಿ, ಮಧುಗಿರಿ ಬೆಟ್ಟ ಕಾಣುವ ನಮ್ಮ ಹಳ್ಳಿಯ ಆ ಅಡುಗೆಮನೆಯನ್ನು ಆಳುತ್ತಿದ್ದುದು ಆ ಬಟ್ಟಲು! ಬಸುರಿಯ ಮುದ್ದೆ ಅದರಲ್ಲಿ ಹಿಡಿಸುವಷ್ಟೇ ಇರಬೇಕು. ದೊಡ್ಡ ನಿಂಬೆಹಣ್ಣಿನಷ್ಟು ಅಂದುಕೊಳ್ಳಿ. ನನಗೆ ತಾಯಿ ಇರಲಿಲ್ಲ. ತವರಿಗೆ ಹೋಗಿ ಉಂಡು ಬರೋಣವೆಂದರೆ ಅಲ್ಲಿ ಒಲೆ ಹಚ್ಚುವವರೇ ಇಲ್ಲ.

"ಜಾಸ್ತಿ ಉಂಡ್ರೆ ಮಗ ದಪ್ಪ ಆಯ್ತದೆ ಕಣೇ. ಹೆರೋಕಾಗಲ್ಲ," ಅನ್ನುತ್ತಿದ್ದಳು.

ಮೊಸರು ಉಂಡರೆ ಮಗುವಿಗೆ ನೆಗಡಿ. ಕುಂಬಳಕಾಯಿ ತಿಂದರೆ ಮಗುವಿನ ತಲೆಯೂ ಕುಂಬಳಕಾಯಿ. ಕಡಲೆಕಾಯಿ ತಿಂದರೆ ಮೈಯೆಲ್ಲ ಗೀರು. ನನಗೆ ರೇಗಿತು.

"ಗಾಳಿ ಕುಡೀಬಹುದಾ ಅತ್ತೆ?"

"ಕುಡಿ. ಹೆಚ್ಚು ಕುಡೀಬ್ಯಾಡ, ಹೊಟ್ಟೆ ಉಬ್ತದೆ."

ಇದನ್ನೇ ಅವಳು ತನ್ನ ಬಸುರಿನಲ್ಲೂ ಪಾಲಿಸಿದ್ದಳಂತೆ. ಅದರ ಫಲವನ್ನು ನಾನು ಮದುವೆಯಾಗಿದ್ದೆ! ಜೋರು ಗಾಳಿ ಬೀಸಿದರೆ ಮಿಕ್ಕವರು ಕಂಬಳಿ ಹಿಡಿದುಕೊಳ್ಳುತ್ತಿದ್ದರು, ನಮ್ಮ ಯಜಮಾನರು ಕಂಬ ಹಿಡಿದುಕೊಳ್ಳುತ್ತಿದ್ದರು.

ಹೊಟ್ಟೆ ಹಸಿದಿದ್ದರೆ ಕಣ್ಣು ತೆರೆದಿರುವಾಗಲೇ ಕನಸು ಬೀಳುತ್ತದೆ, ಗೊತ್ತೇ? ಸಂಜೆ ಜಗಲಿಯ ಮೇಲೆ ಕೂತರೆ ದೂರದ ಬೆಟ್ಟ ಬೆಟ್ಟವಾಗಿ ಉಳಿಯುತ್ತಿರಲಿಲ್ಲ. ಒಂದೇ ಬಂಡೆ, ದುಂಡಗೆ, ನುಣ್ಣಗೆ, ಈಗತಾನೇ ಕಟ್ಟಿಟ್ಟ ಮುದ್ದೆ! ಬುಡದಲ್ಲಿ ಸುತ್ತಿಕೊಂಡ ಮಂಜು ಹುರುಳಿ ಬಸ್ಸಾರು. ನೆತ್ತಿಯ ಮೇಲೆ ಒಂದು ಬಿಳಿ ಮೋಡ, ಕರಗೋ ಕರಗೋ ಬೆಣ್ಣೆ. ಬೆಟ್ಟ ತೇಲಿಕೊಂಡು ಹತ್ತಿರ ಹತ್ತಿರ ಬರುತ್ತಿತ್ತು. ಅದರ ಬಿಸಿ ನನ್ನ ಕೆನ್ನೆಗೆ ತಾಗುತ್ತಿತ್ತು.

"ಏನೇ ಅದು, ಗಾಳೀಲಿ ಬೆರಳು ಆಡಿಸ್ತಿದೀಯ?" ಅಂದಳು ಅತ್ತೆ.

"ಬೆಟ್ಟ ಉಣ್ತಿದೀನಿ."

ಅವಳೂ ಒಂದು ಗಳಿಗೆ ಬೆಟ್ಟ ನೋಡಿದಳು. "ಅರ್ಧ ಉಣ್ಣು. ಮಿಕ್ಕಿದ್ದು ಬುಡು."

ಮಾರನೆಯ ದಿನದಿಂದ ನಾನು ಕೆಲಸಕ್ಕೆ ಇಳಿದೆ. ಹಿತ್ತಲಿನ ಹೊಂಗೆಮರದ ಕೆಳಗೆ ಪಾತ್ರೆ ತಿಕ್ಕುವಾಗ ಕುಡುಗೋಲಿನ ತುದಿಯಿಂದ ಬಟ್ಟಲಿನ ಒಳಗನ್ನು ಕೆರೆಯುವುದು. ದಿನಕ್ಕೆ ಒಂದಿಷ್ಟೇ. ಹೊರಗೆ ಬಟ್ಟಲು ಹಾಗೇ ಇತ್ತು, ಒಳಗೆ ಮಾತ್ರ ನನ್ನ ಹೊಟ್ಟೆಯ ಜೊತೆಗೇ ಅದೂ ದೊಡ್ಡದಾಯಿತು!

"ಏನೇ, ಮುದ್ದೆ ದಿನಾ ಬೆಳೀತಾ ಐತಲ್ಲ?"

"ಈ ಸಲದ ರಾಗಿ ಒದಗ್ತೈತೆ ಕಣತ್ತೆ."

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ಬಟ್ಟಲಿಗೆ ಹಿಟ್ಟು ಹಾಕಿ ಒತ್ತಿದಳು. ತಳ ಕಿತ್ತುಕೊಂಡು ಬಂತು. ಬಿಸಿ ಹಿಟ್ಟು ಅವಳ ಅಂಗೈಗೆ! ಈಗ ನನ್ನ ಕಥೆ ಮುಗಿಯಿತು ಅಂದುಕೊಂಡು ಗೋಡೆಗೆ ಒರಗಿ ನಿಂತೆ.

ಅವಳು ಬೈಯಲಿಲ್ಲ. ಬಟ್ಟಲನ್ನು ತೊಳೆದು ಗವಾಕ್ಷಿಯ ಬೆಳಕಿಗೆ ಹಿಡಿದಳು. ತೂತಿನಿಂದ ಇಳಿದ ಬಿಸಿಲು ಅವಳ ಕೆನ್ನೆಯ ಮೇಲೆ ರೊಟ್ಟಿಯ ಚೂರಿನಂತೆ ಕೂತಿತ್ತು. ಬೆಳ್ಳಗಿದ್ದ ಹೊಸ ಗೀರುಗಳ ಮೇಲೆ ಬೆರಳಾಡಿಸಿ, "ಇವು ನಿನ್ನವು," ಅಂದಳು. ಅಂಚಿನ ಹತ್ತಿರ ಕಪ್ಪುಗಟ್ಟಿದ ಹಳೇ ಗೀರುಗಳಿದ್ದವು. ನಾನು ಯಾವತ್ತೂ ಅವನ್ನು ನೋಡಿರಲಿಲ್ಲ.

"ಇವು ನನ್ನವು."

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ.

"ಚೊಚ್ಚಲು ಬಸುರೀಲಿ ನಾನೂ ಕೆರೆದೆ ಕಣೇ. ಹಸಿವು ತಡೀಲಿಲ್ಲ. ಗಂಡು ಮಗ. ಗುಂಡುಗುಂಡಗಿದ್ದ. ಅಳಲೇ ಇಲ್ಲ. ತಿಂದು ತಿಂದು ಕೊಂದ್ಬುಟ್ಟೆ ಅಂದ್ರು ನಮ್ಮತ್ತೆ. ನಿನ್ನ ಗಂಡ ಹೊಟ್ಟೇಲಿದ್ದಾಗ ಅಳತೆ ಮೀರಲಿಲ್ಲ. ಅವನು ಉಳ್ಕಂಡ."

ಆಗ ಹೊಳೆಯಿತು. ಅತ್ತೆಯೂ ದಿನಾ ಅದೇ ಬಟ್ಟಲಿನಷ್ಟೇ ಉಣ್ಣುತ್ತಿದ್ದಳು. ಜಿಪುಣಿ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಆ ಮಗು ಹೋಗಿ ಅಷ್ಟು ವರ್ಷವಾದರೂ ಅವಳು ಒಂದು ಹೊತ್ತೂ ಹೊಟ್ಟೆ ತುಂಬ ಉಂಡಿರಲಿಲ್ಲ.

ಸಮಾಧಾನ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಅಷ್ಟರಲ್ಲಿ ಒಳಗಿದ್ದವಳು ಜೋರಾಗಿ ಒದ್ದಳು. ಅತ್ತೆಯ ಸುಟ್ಟ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡೆ.

"ಇದು ಅಳ್ತದೆ ಬುಡತ್ತೆ," ಅಂದೆ.

ಅವಳು ಕೈ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದೆ. ಬಟ್ಟಲನ್ನು ಸೀಳಿ ಒಲೆಗಿಟ್ಟು, ಅದರ ಉರಿಯಲ್ಲೇ ಹಿಟ್ಟು ಬೇಯಿಸಿ, ಬರಿಗೈಯಲ್ಲಿ ಎರಡು ದೊಡ್ಡ ಮುದ್ದೆ ಕಟ್ಟಿದೆ. ಒಂದನ್ನು ಅವಳ ತಣಿಗೆಗೆ ಇಟ್ಟೆ.

"ಅಳತೆ ಎಲ್ಲೇ?"

"ಉರೀತಾ ಐತೆ. ಉಣ್ಣತ್ತೆ," ಅಂದು ಅವಳ ಎದುರಿಗೇ ಕೂತು, ಮೊದಲ ತುತ್ತು ಮುರಿದೆ.