ಸಂಜೆ ಹೊತ್ತು ಷಡ್ಜ ಇಳಿಸುವ ಟ್ರಾನ್ಸ್‌ಫಾರ್ಮರ್ ಅವರಿಗೆ

ಕೋಟೆ ಬೀದಿ, ಅರಕಲಗೂಡು
೨೦ ಜೂನ್ ೧೯೯೯, ಭಾನುವಾರ

ನಮ್ಮ ಮನೆಯ ಜಗುಲಿಯಿಂದ ಏಳು ಮಾರು ದೂರದಲ್ಲಿ, ಎರಡು ಕಂಬಗಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು, ಹನ್ನೊಂದು ವರ್ಷದಿಂದ ಒಂದೇ ಸ್ವರ ಹಿಡಿದು ಸಾಧನೆ ಮಾಡುತ್ತಿರುವ ನಾದೋಪಾಸಕರಾದ ಶ್ರೀ ಟ್ರಾನ್ಸ್‌ಫಾರ್ಮರ್ ಅವರ ಸನ್ನಿಧಾನಕ್ಕೆ ಎದುರು ಮನೆಯ ಚೂಡಾಮಣಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಈ ಕಡೆ ನಾವೆಲ್ಲ ಕ್ಷೇಮ. ಆ ಕಡೆ ತಾವೂ, ತಮ್ಮ ಎಣ್ಣೆ, ಫ್ಯೂಸು, ಪಿಂಗಾಣಿ ಬುಡ್ಡಿಗಳೂ ಕ್ಷೇಮವೆಂದು ಭಾವಿಸಿದ್ದೇನೆ. ನಲವತ್ತು ವರ್ಷದಿಂದ ನಾದಿನಿಯರಿಗೆ, ಓರಗಿತ್ತಿಯರಿಗೆ, ಅಣ್ಣನ ಮಕ್ಕಳಿಗೆ ಇನ್‌ಲ್ಯಾಂಡ್ ಪತ್ರ ಬರೆದು ರೂಢಿಯಾದ ಕೈ ಇದು. ದೊಡ್ಡವರಿಗೆ ಬರೆಯುವ ಒಕ್ಕಣೆ ನನಗೆ ತಿಳಿಯದು, ತಪ್ಪಿದ್ದರೆ ಮನೆಯ ಹಿರಿಯಳ ಮಾತೆಂದು ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ರಿಪೇರಿಯ ವಿಚಾರವಾಗಿ ಕರೆಂಟಿನ ಇಲಾಖೆಗೆ ವರ್ಷಕ್ಕೊಂದರಂತೆ ಹನ್ನೊಂದು ಅರ್ಜಿ ಬರೆದೆ. ಯುಗಾದಿಗೆ ಹೊಸ ಸೀರೆ ತಪ್ಪಿದರೂ ಹೊಸ ಅರ್ಜಿ ತಪ್ಪಿದ್ದಿಲ್ಲ. ಅವರು ಇದುವರೆಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಾವಾದರೋ ಕೇಳಿದಾಗಲೆಲ್ಲ ‘ಗುಂಯ್’ ಎಂದಾದರೂ ಎನ್ನುತ್ತೀರಿ. ಅಷ್ಟು ಮರ್ಯಾದೆ ಇರುವವರಿಗೇ ನೇರವಾಗಿ ಬರೆಯೋಣವೆಂದು ಈ ಪತ್ರ. ಮುಚ್ಚುಮರೆ ಏನೂ ಇಲ್ಲ. ಲೈನ್‌ಮನ್ ಪುಟ್ಟರಾಜು ಇದನ್ನು ತಮ್ಮ ಕಂಬಕ್ಕೇ ಕಟ್ಟಲು ಒಪ್ಪಿದ್ದಾನೆ. ಹೋಗುವವರು ಬರುವವರು ಓದಿಕೊಳ್ಳಲಿ.

ಮೊದಲು ನನ್ನ ಯೋಗ್ಯತೆ ಹೇಳಿಕೊಳ್ಳಬೇಕು. ನಾನು ಹುಟ್ಟಿದ್ದು ರುದ್ರಪಟ್ಟಣದಲ್ಲಿ. ಆ ಊರಿನ ಎಮ್ಮೆಕರು ಕೂಡ ಶ್ರುತಿ ನೋಡಿಕೊಂಡೇ ಅರಚುತ್ತದೆಂದು ಇಲ್ಲಿಯವರು ಹಾಸ್ಯ ಮಾಡುತ್ತಾರೆ, ಪೂರ್ತಿ ಸುಳ್ಳೇನಲ್ಲ. ಆದರೆ ನನ್ನದು ಎದುರು ಕೂತು ಕಲಿತ ವಿದ್ಯೆಯಲ್ಲ. ಅಣ್ಣಂದಿರಿಗೆ ಪಾಠವಾಗುತ್ತಿದ್ದಾಗ ಗುರುಗಳಿಗೆ ಕಾಫಿ ಕೊಟ್ಟು ಖಾಲಿ ಲೋಟ ತರುವಷ್ಟರಲ್ಲಿ ಕಿವಿಗೆ ಎಷ್ಟು ಬಿತ್ತೋ ಅಷ್ಟು. ಗುರುಗಳು ಕಾಫಿಯನ್ನು ಬಹಳ ನಿಧಾನವಾಗಿ ಕುಡಿಯುತ್ತಿದ್ದರು, ಅದು ನನ್ನ ಪುಣ್ಯ. ಆ ಲೋಟದಷ್ಟು ವಿದ್ಯೆಯನ್ನೇ ಈಗ ಜಗುಲಿಯ ಮೇಲೆ ಏಳೆಂಟು ಮಕ್ಕಳಿಗೆ ಹಂಚುತ್ತಿದ್ದೇನೆ.

ಈ ಪಾಠಕ್ಕೆಂದೇ ದೊಡ್ಡಣ್ಣ ಐದು ವರ್ಷದ ಹಿಂದೆ ಕರೆಂಟಿನ ಶ್ರುತಿಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದ. ಬಂದ ಮೂರನೆಯ ದಿನವೇ ತಾವು ಅದರ ಮೇಲೆ ಅದೇನು ಪ್ರೀತಿ ಉಕ್ಕಿಸಿದಿರೋ, ಮಂದ್ರದಲ್ಲಿದ್ದ ಪೆಟ್ಟಿಗೆ ಒಂದೇ ಏಟಿಗೆ ತಾರಸ್ಥಾಯಿಗೆ ಏರಿ, ಅಲ್ಲಿಂದ ಹೊಗೆಯಾಗಿ ಕೈಲಾಸಕ್ಕೆ ಹೋಯಿತು. ನೋಡಲು ಬಂದ ಪುಟ್ಟರಾಜು ಮೂಸಿ ನೋಡಿ, “ಐ ವೋಲ್ಟೇಜು ಒಡ್ದದೆ ಅಮ್ಮಾವ್ರೆ. ಆದ್ರೂ ನಿಮ್ ಪೆಟ್ಗೆ ಪುಣ್ಯ ಮಾಡಿತ್ತು, ಸಾಯೋವಾಗ್ಲೂ ರಾಗ ಎಳ್ಕಂಡೇ ಓಯ್ತು” ಎಂದು ಸಂತಾಪ ಸೂಚಿಸಿದ. ತಂಬೂರಿಯ ಬುರುಡೆಯನ್ನು ಅದಕ್ಕೂ ಮೊದಲೇ ಹುಳು ತಿಂದಿತ್ತು. ಮಾರನೆಯ ಬೆಳಿಗ್ಗೆ ಮಕ್ಕಳು ಬಂದು ಕುಳಿತವು, ಶ್ರುತಿ ಇಲ್ಲ. ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ತಮ್ಮ ‘ಗುಂಯ್’ ಕಿವಿಗೆ ಬಿತ್ತು. ಆರು ವರ್ಷದಿಂದ ಬೈದುಕೊಂಡೇ ಕೇಳುತ್ತಿದ್ದ ಸದ್ದನ್ನು ಆವತ್ತು ಮೊದಲ ಬಾರಿಗೆ ಬೈಯದೆ ಕೇಳಿದೆ. ಅನುಮಾನ ಬಂದು, ನಮ್ಮತ್ತೆಯ ಕಾಲದ ಕಂಚಿನ ತಟ್ಟೆಯನ್ನು ಸೌಟಿನಿಂದ ಬಡಿದು ನೋಡಿದೆ. ಆ ತಟ್ಟೆಯ ನಾದ ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ ಷಡ್ಜ, ಹೆಣ್ಣುಮಕ್ಕಳ ಗಂಟಲಿಗೆ ಹೇಳಿ ಮಾಡಿಸಿದ್ದು. ತಮ್ಮದೂ ಅದೇ! ಪೆಟ್ಟಿಗೆಯನ್ನು ಕೊಂದವರೇ ಪೆಟ್ಟಿಗೆಯ ಕೆಲಸಕ್ಕೆ ಬಂದು ನಿಂತಿದ್ದೀರಿ. ಇಂಥ ಜವಾಬ್ದಾರಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ತಟ್ಟೆ ಒಂದು ಕ್ಷಣ ನುಡಿದು ಸುಮ್ಮನಾಗುತ್ತದೆ, ಪಾಪ, ಎಷ್ಟಾದರೂ ಊಟದ ತಟ್ಟೆ, ತಾವು ಹಾಗಲ್ಲ. ಅಂದಿನಿಂದ ತಾವೇ ನಮ್ಮ ತಂಬೂರಿ.

ತಮ್ಮ ಉಪಕಾರ ಸಂಗೀತಕ್ಕಷ್ಟೇ ನಿಂತಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ತಮ್ಮ ಮೈಯಿಂದ ಒಸರುವ ಎಣ್ಣೆಯನ್ನು ಪಕ್ಕದ ಮನೆಯ ಬಸವಲಿಂಗಮ್ಮ ಬೇಡ ಬೇಡವೆಂದರೂ ಕೇಳದೆ ಮಂಡಿಗೆ ತಿಕ್ಕಿಕೊಳ್ಳುತ್ತಾರೆ. ಹೇಗಿದೆ ಎಂದು ಮೊನ್ನೆ ಕೇಳಿದ್ದಕ್ಕೆ, “ನೋವೇನೋ ಓಯ್ತು ಕಣವ್ವ, ಆದ್ರೆ ಮೋಡ ಆದ್ರೆ ಸಾಕು, ಮಂಡಿ ಗುಂಯ್ ಅಂತದೆ” ಎಂದರು. ಅದೂ ಐದು ಮನೆಯೇ ಎಂದು ಕೇಳಬೇಕೆಂದಿದ್ದೆ, ಬಿಟ್ಟೆ.

ಈಗ ತಕರಾರಿಗೆ ಬರುತ್ತೇನೆ, ಕೋಪಿಸಿಕೊಳ್ಳಬೇಡಿ. ಬೆಳಿಗ್ಗೆ ತಮ್ಮ ಷಡ್ಜ ಶುದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಆರು ಹೊಡೆಯುತ್ತಲೇ ತಾವು ಸೋತು ಸುಣ್ಣವಾದವರಂತೆ ಮೆಲ್ಲಗೆ ಕೆಳಗೆ ಜಾರುತ್ತೀರಿ. ಪುಟ್ಟರಾಜುವಿನ ಪ್ರಕಾರ, “ಎಲ್ರೂ ಒಟ್ಗೇ ಪಂಪ್‌ಸೆಟ್ಟು, ಮಿಲ್ಲು, ಲೈಟು ಆಕ್ಬುಟ್ರೆ ಟೀಸಿ ಆದ್ರೂ ಏನ್ ಮಾಡ್ತದೆ? ಅದ್ಕೂ ಸೊಂಟ ಅಂತ ಒಂದಿಲ್ವಾ?” ಟೀಸಿ ಎಂದರೆ ಅವನ ಬಾಯಲ್ಲಿ ತಾವು. ತಮ್ಮ ಸೊಂಟದ ಮೇಲೆ ನನಗೆ ಕನಿಕರವಿದೆ, ನನಗೂ ಒಂದು ಸೊಂಟವಿದೆ. ಆದರೆ ಇಳಿಯುವುದಾದರೆ ಧೈರ್ಯವಾಗಿ ಪೂರ್ತಿ ಒಂದು ಸ್ವರ ಇಳಿಯಿರಿ, ಅದಕ್ಕೆ ಏನಾದರೂ ಹೆಸರಿಟ್ಟುಕೊಳ್ಳೋಣ; ಹೀಗೆ ಮುಕ್ಕಾಲುಪಾಲು ಇಳಿದು ಅಲ್ಲೇ ನೇತಾಡುವುದು ತಮ್ಮಂಥ ಸಾಧಕರಿಗೆ ಶೋಭೆಯಲ್ಲ.

ಅದರ ಜೊತೆಗೆ ದಿನಕ್ಕೆ ನಾಲ್ಕು ಬಾರಿ ಲೋಡ್ ಶೆಡ್ಡಿಂಗ್. ಮೊದಮೊದಲು ತಾವು ಮೌನವಾದೊಡನೆ ಮಕ್ಕಳೂ ಬಾಯಿ ಮುಚ್ಚಿ, ಸೊಳ್ಳೆ ಹೊಡೆಯುತ್ತ ಕೂರುತ್ತಿದ್ದವು. ಹೀಗೆ ಕೂತರೆ ಸರಳೆವರಸೆ ಮುಗಿಯುವಷ್ಟರಲ್ಲಿ ಇವರಿಗೆ ಮೊಮ್ಮಕ್ಕಳಾಗುತ್ತಾರೆ ಎನ್ನಿಸಿ ಒಂದು ಕಟ್ಟಳೆ ಮಾಡಿದೆ: ಕರೆಂಟು ಹೋದರೂ ಷಡ್ಜ ಹೋಗಬಾರದು. ತಾವು ನಿಂತ ಕ್ಷಣದಿಂದ ತಾವು ಮರಳುವವರೆಗೆ ಕಣ್ಣು ಮುಚ್ಚಿ ಹಾಡುತ್ತಲೇ ಇರಬೇಕು. ತಾವು ಮರಳಿದಾಗ ಯಾರು ತಮ್ಮ ಜೊತೆ ಸರಿಯಾಗಿ ಸೇರಿಕೊಂಡಿರುತ್ತಾರೋ ಅವರಿಗೆ ಒಂದು ಕಲ್ಲುಸಕ್ಕರೆ. ಇದು ಬೆಳಗಿನ ಆಟ. ಸಂಜೆಯ ಆಟ ಬೇರೆ. ಸಂಜೆ ತಾವು ಇಳಿದೇ ಮರಳುವವರಾದ್ದರಿಂದ, ತಮ್ಮ ಜೊತೆ ಸೇರಿಕೊಂಡವರು ಸೋತಂತೆ. ತಾವು ಎಷ್ಟೇ ಕೆಳಗೆ ಎಳೆದರೂ ಯಾರು ಕದಲುವುದಿಲ್ಲವೋ ಅವರು ಗೆದ್ದಂತೆ. ತೀರ್ಪಿಗೆ ಕಂಚಿನ ತಟ್ಟೆಯಿದೆ, ಅದಕ್ಕೆ ಯಾವ ಲೋಡೂ ಇಲ್ಲ, ಶೆಡ್ಡಿಂಗೂ ಇಲ್ಲ.

ಈ ಸಂಜೆಯ ಆಟದಲ್ಲಿ ಯಾವಾಗಲೂ ಗೆಲ್ಲುತ್ತಿದ್ದವಳು ಮಲ್ಲಿಪಟ್ಟಣದ ಮೇಘಶ್ರೀ. ಇಲ್ಲಿನ ಹೈಸ್ಕೂಲಿನಲ್ಲಿ ಓದುತ್ತಾಳೆ, ಶಾಲೆ ಬಿಟ್ಟ ಮೇಲೆ ನಮ್ಮ ಜಗುಲಿಗೆ ಬಂದು, ಏಳರ ಬಸ್ಸಿಗೆ ಊರಿಗೆ ಹೋಗುತ್ತಾಳೆ. ಮೂರು ವರ್ಷದ ಹಿಂದೆ ಬಂದಾಗ ಹುಡುಗಿಯ ಷಡ್ಜ ಹೊಸ ಸೈಕಲ್ಲಿನ ಹಾಗೆ ನಾಲ್ಕೂ ಕಡೆ ವಾಲುತ್ತಿತ್ತು. “ಬರ್ತದೆ ಕಣೆ, ಬರ್ತದೆ, ಹೆದರ್ಬೇಡ, ಇನ್ನೊಂಚೂರು ಮೇಲೆ” ಎಂದು ದಿನವೂ ನಾನೇ ಬೆನ್ನು ಸವರಿ ಸವರಿ ನಿಲ್ಲಿಸಿದ್ದು. ಅವಳ ತಂದೆ ದೇವರಾಜು ಆಲೂಗಡ್ಡೆ ಬೆಳೆಯುವವರು, ನೇರ ಮಾತಿನ ಮನುಷ್ಯ. ಬರುವ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ ಎಂದು ಮಾಘಮಾಸದಲ್ಲೇ ಬಂದು ಷರತ್ತು ಹಾಕಿ ಹೋಗಿದ್ದರು: “ನೋಡಿ ಚೂಡಾಮಣಮ್ಮೋರೆ, ಆಸನದಲ್ಲಿ ಜೂನಿಯರ್ ಪರೀಕ್ಸೆ ಪಾಸಾದ್ರೆ ಅವ್ಳು ಎಷ್ಟ್ ಬೇಕಾದ್ರೂ ಆಡ್ಲಿ. ಫೇಲಾದ್ರೆ ಸಂಗೀತ ಸಾಕು, ಸಂಜೆ ಒತ್ತು ಲೆಕ್ಕದ ಟೂಸನ್ನಿಗೆ ಓಗ್ಲಿ. ಎಲ್ಡು ದೋಣೀಲಿ ಕಾಲಿಡೋದು ನಂಗಾಗಲ್ಲ.” ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಹುಡುಗಿ ಆವತ್ತಿನಿಂದ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ, ಪರೀಕ್ಷೆ ಆದ ಮೇಲೆ ಒಟ್ಟಿಗೆ ತಿನ್ನುತ್ತೇನೆಂದು ಡಬ್ಬಿಯಲ್ಲಿ ಕೂಡಿಡತೊಡಗಿದಳು.

ಪರೀಕ್ಷೆಯ ದಿನ ತಂದೆ, ಮಗಳು, ನಾನು ಮೂವರೂ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದೆವು. ಮೇಘಶ್ರೀಯ ಸರದಿ ಬಂದಾಗ ಸಂಜೆ ಐದೂಮುಕ್ಕಾಲು. ಮೇಜಿನ ಮೇಲೆ ಪರೀಕ್ಷಕರ ಶ್ರುತಿಪೆಟ್ಟಿಗೆ, ನಮ್ಮ ದಿವಂಗತ ಪೆಟ್ಟಿಗೆಯ ಒಡಹುಟ್ಟಿದ್ದೇ ಇರಬೇಕು, ಹಾಗಿತ್ತು. ಹುಡುಗಿ ವರ್ಣ ಎತ್ತಿಕೊಂಡು ಚರಣಕ್ಕೆ ಬರುವಷ್ಟರಲ್ಲಿ ತಮ್ಮ ಹಾಸನದ ದಾಯಾದಿಗಳು ಕೈಕೊಟ್ಟರು. ಪೆಟ್ಟಿಗೆ ನಿಂತಿತು, ಫ್ಯಾನು ನಿಂತಿತು, ಪರೀಕ್ಷಕರು ನಿಲ್ಲಿಸು ಎಂದು ಕೈಯೆತ್ತಿದರು. ಆದರೆ ಕರೆಂಟು ಹೋದರೆ ಕಣ್ಣು ಮುಚ್ಚಿ ಹಾಡುವುದು ನಮ್ಮ ಜಗುಲಿಯ ಕಟ್ಟಳೆಯಲ್ಲವೇ? ಹುಡುಗಿ ಕೈ ನೋಡಲೇ ಇಲ್ಲ. ನಾಲ್ಕು ನಿಮಿಷ, ಆಸರೆಯೇ ಇಲ್ಲದೆ, ಒಂದೆಳೆ ಕದಲದೆ ಹಾಡಿದಳು. ಬಾಗಿಲ ಬಳಿ ನಿಂತಿದ್ದ ನಾನು ಸೆರಗಿನೊಳಗೇ ತಾಳ ಹಾಕುತ್ತಿದ್ದೆ. ಅಷ್ಟರಲ್ಲಿ ಕರೆಂಟು ಮರಳಿತು, ಸಂಜೆಯ ಕರೆಂಟು ಹೇಗೆ ಮರಳುತ್ತದೆಂದು ತಮಗೆ ನಾನು ಹೇಳಬೇಕೆ? ಪೆಟ್ಟಿಗೆ ಮುಕ್ಕಾಲು ಸ್ವರ ಕೆಳಗೆ ನುಡಿಯಿತು. ಹುಡುಗಿ ಇದ್ದಲ್ಲೇ ಇದ್ದಳು. ಪರೀಕ್ಷಕರು ಪೆಟ್ಟಿಗೆಯನ್ನೊಮ್ಮೆ ನೋಡಿ, ಹುಡುಗಿಯನ್ನೊಮ್ಮೆ ನೋಡಿ, ಮುಖ ಕಿವುಚಿ ಏನೋ ಬರೆದುಕೊಂಡರು. ಅವರನ್ನು ನಾನು ದೂರುವುದಿಲ್ಲ. ಬೆಳಗಿನಿಂದ ಮೂವತ್ತು ಮಕ್ಕಳ ಹಾಡು ಕೇಳಿದ ಕಿವಿ ಅದು. ಮೇಲಾಗಿ ಯಂತ್ರಕ್ಕೂ ಮನುಷ್ಯರಿಗೂ ಜಗಳವಾದರೆ ತಪ್ಪಿದವರು ಮನುಷ್ಯರೇ ಇರಬೇಕೆಂಬುದು ಈಗಿನ ಲೋಕದ ನಂಬಿಕೆ. ಮೊನ್ನೆ ಗುರುವಾರ ಫಲಿತಾಂಶ ಬಂತು. ನಾಲ್ಕು ಅಂಕಕ್ಕೆ ಫೇಲು. ಷರಾ: ‘ಶ್ರುತಿಶುದ್ಧಿ ಸಾಲದು.’

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ತಾವು ದಯಮಾಡಿ ಸೋಮವಾರ ಬೆಳಗಿನ ಬಸ್ಸಿನಲ್ಲಿ ನನ್ನ ಜೊತೆ ಹಾಸನಕ್ಕೆ ಬಂದು, ಸಂಜೆ ಇಳಿಯುವುದು ತಮ್ಮ ವಂಶದ ಗುಣವೇ ಹೊರತು ಹುಡುಗಿಯ ದೋಷವಲ್ಲವೆಂದು ಪರೀಕ್ಷಕರ ಮುಂದೆ ಸಾಕ್ಷಿ ಹೇಳಬೇಕು. ಕಂಡಕ್ಟರು ಲಗೇಜು ಎಂದು ತಕರಾರು ತೆಗೆದರೆ ಮಡಿಲಲ್ಲಿ ಕೂರಿಸಿಕೊಳ್ಳಲು ಸಿದ್ಧಳಿದ್ದೇನೆ. ಬರಲಾಗದಿದ್ದರೆ ತಮ್ಮ ಎಣ್ಣೆಯಲ್ಲಿ ಹೆಬ್ಬೆಟ್ಟೊತ್ತಿದ ಒಂದು ಪ್ರಮಾಣಪತ್ರವಾದರೂ ಸಾಕು. ಅದೂ ಆಗದಿದ್ದರೆ ಮುಂದಿನ ಪರೀಕ್ಷೆಯ ದಿನ ಜಿಲ್ಲೆಯ ತಮ್ಮ ಬಂಧುಬಳಗವೆಲ್ಲ ಮಡಿಯುಟ್ಟು, ಐದೂಮುಕ್ಕಾಲರಿಂದ ಆರೂಕಾಲರವರೆಗೆ ಮಾತ್ರ ಷಡ್ಜದಲ್ಲಿರಬೇಕು. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೂ ಒಂದು ಮಾತು ತಿಳಿಸಿಬಿಡಿ, ಹೇಳಲಿಲ್ಲವೆಂದು ನೆಂಟರು ಮುನಿಸಿಕೊಳ್ಳಬಾರದು.

ಇಷ್ಟನ್ನು ನಿನ್ನೆಯೇ ಬರೆದು ಮಡಿಸಿಟ್ಟಿದ್ದೆ. ಇವತ್ತು ಸಂಜೆ ದೇವರಾಜು ಮಗಳನ್ನು ಕರೆದುಕೊಂಡು ಬಂದರು. ಪಾಠ ಬಿಡಿಸಲೇ ಬಂದಿದ್ದಾರೆಂದು ನಾನು ಹುಡುಗಿಯ ಸಂಗೀತದ ಪುಸ್ತಕ ಹುಡುಕಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಅವರು ಪುಸ್ತಕದ ಕಡೆ ನೋಡದೆ ಜಗುಲಿಯ ಮೇಲೆ ಕೂತು, ತಮ್ಮ ‘ಗುಂಯ್’ಗೇ ಕಿವಿಗೊಟ್ಟರು. ಆಮೇಲೆ ಹೇಳಿದರು:

“ಚೂಡಾಮಣಮ್ಮೋರೆ, ಆವತ್ತು ನಾನು ಆಚೆ ಕಿಟ್ಕಿ ತಾವ ನಿಂತಿದ್ದೆ. ನಂಗೆ ಸಂಗೀತ ಗೊತ್ತಿಲ್ಲ. ಆದ್ರೆ ನಮ್ ಪಂಪ್‌ಸೆಟ್ಟಿನ ಮೋಟ್ರು ಗುಂಯ್ ಅನ್ನೋದ ಇಪ್ಪತ್ತು ವರ್ಸದಿಂದ ಕೇಳ್ತಾ ಇವ್ನಿ. ವೋಲ್ಟೇಜು ಕಮ್ಮಿ ಆದ್ರೆ ಅದ್ರ ದನಿ ಕುಸೀತದೆ. ಊಟ ಮಾಡ್ತಿದ್ರೂ ಎದ್ದೋಗಿ ಆಫ್ ಮಾಡ್ತೀನಿ, ಇಲ್ದಿದ್ರೆ ಕಾಯಿಲ್ಲು ಸುಟ್ಟೋಯ್ತದೆ. ಆವತ್ತು ಕರೆಂಟು ಬಂದಾಗ ಆ ಫ್ಯಾನಿನ ರೆಕ್ಕೆ ಎಣಿಸ್ಬೋದಿತ್ತು ಕಣ್ರವ್ವ, ಅಂಗೆ ತಿರುಗ್ತಿತ್ತು. ಪೆಟ್ಗೆ ದನೀನೂ ಕುಸ್ದಿತ್ತು. ಅದ ಆಫ್ ಮಾಡೋದ್ ಬುಟ್ಟು ನಮ್ ಮಗೀಗೆ ಮಾರ್ಕ್ಸ್ ಕುಯ್ದವ್ರೆ. ಕುಸ್ದಿದ್ದು ಕರೆಂಟು, ನಮ್ಮುಡ್ಗಿ ಅಲ್ಲ. ಡಿಸೆಂಬರ್‌ಗೆ ಇನ್ನೊಂದ್ ಸಲ ಕೂರ್ಲಿ. ಟೂಸನ್ನು ಬೆಳಗ್ಗೆ ಒತ್ತು ಮಾಡ್ಕತಾಳೆ.”

ಮಾನ್ಯರೇ, ರುದ್ರಪಟ್ಟಣದಲ್ಲಿ ಹುಟ್ಟಿ ನಾನು ದೊಡ್ಡ ದೊಡ್ಡ ವಿದ್ವಾಂಸರ ವಿಮರ್ಶೆಗಳನ್ನು ಕೇಳಿದ್ದೇನೆ. ಇದಕ್ಕಿಂತ ಸರಿಯಾದದ್ದನ್ನು ಕೇಳಿದ ನೆನಪಿಲ್ಲ. ಆದ್ದರಿಂದ ತಾವು ಸಾಕ್ಷಿಗೆ ಬರುವ ತೊಂದರೆ ತೆಗೆದುಕೊಳ್ಳುವುದು ಬೇಡ. ಆ ನಾಲ್ಕು ಅಂಕಗಳು ಪರೀಕ್ಷಕರ ಬಳಿಯೇ ಇರಲಿ, ಅವರಿಗೂ ಬೇಕಾಗಬಹುದು.

ಪುಸ್ತಕ ಹುಡುಗಿಯ ಕೈಗೆ ಹೋಯಿತು. ಅವಳು ಎರಡು ಸಾಲು ಹಾಡುವಷ್ಟರಲ್ಲಿ, ವಾಡಿಕೆಯಂತೆ, ತಾವು ನಿಂತಿರಿ. ಅವಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ತಾವು ಮರಳಿದಿರಿ, ವಾಡಿಕೆಯಂತೆ ಕೆಳಗೆ. ಹುಡುಗಿ ಹಾಡು ನಿಲ್ಲಿಸಿ, ತಮ್ಮ ಕಡೆ ತಿರುಗಿ, ಕಲ್ಲುಸಕ್ಕರೆಯ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದ ಮಾತನ್ನು ತಾವು ಕೇಳಿಸಿಕೊಂಡಿರೋ ಇಲ್ಲವೋ ತಿಳಿಯದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ:

“ಬರ್ತದೆ ಕಣೋ, ಬರ್ತದೆ. ಹೆದರ್ಬೇಡ. ಇನ್ನೊಂಚೂರು ಮೇಲೆ.”

ಇಷ್ಟಾದ ಮೇಲೂ ತಮ್ಮ ನೆರಳಿನಲ್ಲೇ ಬಾಳುತ್ತಿರುವ,

ತಮ್ಮ ವಿಶ್ವಾಸಿ,
ಚೂಡಾಮಣಿ

ತಾ.ಕ.: ನಾಳೆ ಪುಟ್ಟರಾಜು ತಮ್ಮ ಕಂಬಕ್ಕೆ ಈ ಪತ್ರದ ಜೊತೆಗೆ ಇಲಾಖೆಯ ಹೊಸ ಬೋರ್ಡನ್ನೂ ಕಟ್ಟುತ್ತಾನಂತೆ, ಒಂದು ತಲೆಬುರುಡೆ, ಎರಡು ಮೂಳೆ, ಕೆಂಪಕ್ಷರದಲ್ಲಿ ‘ಅಪಾಯ’. ನಮ್ಮ ಹನ್ನೊಂದು ಅರ್ಜಿಗಳಿಗೆ ಬಂದ ಉತ್ತರ ಅದೇ ಇರಬೇಕು. ಬೋರ್ಡು ಸದ್ಯಕ್ಕೆ ನಮ್ಮ ಜಗುಲಿಯ ಮೇಲಿದೆ. ಬುರುಡೆಯ ಕೆಳಗೆ ಜಾಗ ಖಾಲಿಯಿತ್ತೆಂದು ಮೇಘಶ್ರೀ ಬಸ್ಸಿಗೆ ಹೋಗುವ ಮುನ್ನ ಸೀಮೆಸುಣ್ಣದಲ್ಲಿ ದುಂಡಗೆ ಒಂದು ಸಾಲು ಸೇರಿಸಿದ್ದಾಳೆ: ‘ಸಂಜೆ ಆರರ ನಂತರ ಇವರಿಂದ ಶ್ರುತಿ ತೆಗೆದುಕೊಳ್ಳಬಾರದು.’ ಅಳಿಸಬೇಡವೆಂದು ಪುಟ್ಟರಾಜುವಿಗೆ ನಾನೇ ಹೇಳುತ್ತೇನೆ.