ಸೋದರಮಾವನ ಹೆಸರು ಮತ್ತು ನೂರಾ ಮೂವತ್ತರ ಬಸ್ಸು

ಸೌಮ್ಯ: ಅತ್ತೆಗೆ ಸೆಕೆ ಅಂದ್ರೆ ಕಿಟಕಿ ತೆಗಿ ಅಂತೀರಾ. ಈ ಕಂಪ್ಯೂಟರ್ ಡಬ್ಬಕ್ಕೆ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಾಕಿದ್ದೀರಲ್ಲ, ಇದೇನು ನಿಮ್ಮನ್ನ ಹೆತ್ತಿದ್ದಾ?

ಲೋಕೇಶ: ಒಸಿ ಗಾಳಿ ಆಡ್ಲಿ ಅಂತ ಕಣೇ.

ಸೌಮ್ಯ: ಇಷ್ಟು ದಿವ್ಸ ಗಾಳಿ ಇಲ್ದೇನೆ ಮದ್ವೆ ಕಾರ್ಡು, ತಿಥಿ ಕಾರ್ಡು, ಗೃಹಪ್ರವೇಶ ಎಲ್ಲಾ ಮಾಡ್ತು. ನಿಮ್ ವಾರದ ರಜ ಬಂತು ನೋಡಿ, ಇವತ್ತು ಅದಕ್ಕೆ ಉಸಿರು ಕಟ್ತು.

ಲೋಕೇಶ: ಅದು ಮಾಡ್ತಿದ್ದಿದ್ದು ಒಂದು ಕೆಲ್ಸವಾ? ತೆವಳ್ತಿತ್ತು. ಈಗ ಓವರ್‌ಕ್ಲಾಕ್ ಮಾಡಿವ್ನಿ, ಕಂಪ್ನಿ ಇಟ್ಟಿದ್ದ ಸ್ಪೀಡಿಗಿಂತ ಜಾಸ್ತಿ. ಪ್ರೊಸೆಸರೂ ಓಡ್ತದೆ, ಮೆಮೊರಿನೂ ಓಡ್ತದೆ.

ಸೌಮ್ಯ: ಓವರ್ ಅಂತ ಹೆಸ್ರಲ್ಲೇ ಐತೆ. ಅಷ್ಟೂ ತಿಳೀಬಾರ್ದಾ ಮನುಷ್ಯನಿಗೆ?

ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಗೆ ಒಂದು ಬೋರ್ಡು ತಗುಲಿಸಿ ಡಿ.ಟಿ.ಪಿ. ಅಂಗಡಿ ಮಾಡಿಕೊಂಡವಳು ಸೌಮ್ಯ. ಕೆಲಸ ಅವಳದು, ಗಿರಾಕಿಗಳು ಅವಳವರು, ಬೈಗುಳವೂ ಅವಳ ಪಾಲಿನದೇ. ಗಂಡ ಲೋಕೇಶ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ರಬ್ಬರು ಕೂರಿಸುತ್ತಾನೆ; ರಜೆ ಬಂದರೆ ಹೆಂಡತಿಯ ಕಂಪ್ಯೂಟರನ್ನು ಉದ್ಧಾರ ಮಾಡುತ್ತಾನೆ. ಇವತ್ತು ಅವನ ತಂಗಿ ರಮ್ಯಾಳ ಮದುವೆಯ ಕರೆಯೋಲೆ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಮಹಾಶಯ ಮುಹೂರ್ತ ಇಟ್ಟುಕೊಂಡದ್ದು ಇವತ್ತೇ.

ಲೋಕೇಶ: ಟೆಸ್ಟ್ ಹಾಕಿ ನೋಡ್ದೆ ಕಣೇ. ಮೊದ್ಲು ಆರು ಸಾವಿರ ಬತ್ತಿತ್ತು. ಈಗ ಎಂಟೂವರೆ ಸಾವಿರ!

ಸೌಮ್ಯ: ಯಾರ್ ಕೊಡ್ತಾರೆ?

ಲೋಕೇಶ: ಏನ್ನ?

ಸೌಮ್ಯ: ಆ ಎಂಟೂವರೆ ಸಾವಿರಾನ.

ಲೋಕೇಶ: ಅದು ದುಡ್ಡಲ್ಲ ಕಣೇ, ಸ್ಕೋರು! ನಮ್ ಲೈನಲ್ಲಿ ಬಾಲರಾಜು ಅವ್ನಲ್ಲ, ಅವನ ಕಂಪ್ಯೂಟರ್ ಎಂಟು ಸಾವಿರಕ್ಕೇ ಸುಸ್ತು. ನಾಳೆ ಟೀ ಟೈಮಲ್ಲಿ ಅವನ ಮುಖ ನೋಡ್ಬೇಕು ನಾನು.

ಸೌಮ್ಯ: ಆ ಸ್ಕೋರ್ ತಗೊಂಡು ಸಂತೆಗೆ ಹೋದ್ರೆ ಒಂದು ಕಟ್ಟು ದಂಟಿನ ಸೊಪ್ಪು ಕೊಡ್ತಾರೇನ್ರೀ? ಫ್ಯಾಕ್ಟ್ರೀಲಿ ಲೈನ್ ಸ್ಪೀಡು ಚೂರು ಜಾಸ್ತಿ ಮಾಡಿದ್ರೆ ಯೂನಿಯನ್ನು, ಗೇಟ್ ಮೀಟಿಂಗು ಅಂತ ಕುಣೀತೀರಿ. ಈ ಬಡಪಾಯಿಗೆ ಯೂನಿಯನ್ ಇಲ್ಲ ಅಂತ ತಾನೇ ನಿಮ್ ದರ್ಬಾರು?

ಇಷ್ಟು ಹೊತ್ತೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಚೆಲುವಯ್ಯ ಕೆಮ್ಮಿದರು. ಇವರು ಲೋಕೇಶನ ತಾಯಿಯ ತಮ್ಮ, ಹಾಗಾಗಿ ಮದುವೆ ಹೆಣ್ಣಿನ ಸೋದರಮಾವ. ಕರೆಯೋಲೆಯಲ್ಲಿ ತಮ್ಮ ಹೆಸರು ಮೊದಲು ಬಂದಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಯೇ ನಂಬುತ್ತೇನೆಂದು ಬೆಳಗಿನ ಬಸ್ಸಿಗೇ ಕೋಡಿಹಳ್ಳಿಯಿಂದ ಬಂದು ಕೂತಿದ್ದರು. ಮಡಿ ಪಂಚೆ, ಹೆಗಲ ಮೇಲೆ ಜರಿ ಟವಲು, ಕೋಪ ಮೂಗಿನ ತುದಿಯಲ್ಲಿ.

ಚೆಲುವಯ್ಯ: ನಿಮ್ ಗಂಡ ಹೆಂಡ್ರ ಜಗಳ ಆಮ್ಯಾಕೆ ಆಡ್ಕಳಿ. ನನ್ ಹೆಸ್ರು ಎಲ್ಲೀಗ್ ಬಂತವ್ವ?

ಸೌಮ್ಯ: ಬಂದೇ ಬುಡ್ತು ಮಾವ. ಹುಡುಗ ಹುಡುಗಿ ಆಯ್ತು, ಮುಹೂರ್ತ ಆಯ್ತು, ಛತ್ರ ಆಯ್ತು. ಸುಖಾಗಮನ ಬಯಸುವವರು, ಸೋದರಮಾವ... ಶ್ರೀ... ಚೆ... ಲು...

ಟಪ್ಪೆಂದಿತು. ಪರದೆ ಪೂರ್ತಿ ನೀಲಿಯಾಗಿ, ಅದರ ಮೇಲೆ ಇಂಗ್ಲಿಷಿನ ಬಿಳಿ ಅಕ್ಷರ ಉದುರಿ, ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಆರಿ ಹತ್ತಿಕೊಂಡಿತು. ಬೆಳಗಿನಿಂದ ಇದು ಮೂರನೆಯ ಸಲ.

ಚೆಲುವಯ್ಯ: ಮತ್ತೆ ನೀಲಿಯಾಗೋಯ್ತಲ್ಲವ್ವ!

ಸೌಮ್ಯ: ಹೂಂ ಮಾವ. ನಿಮ್ ಸೊಸೆ ಮದ್ವೆ ಅಲ್ವಾ, ಸೀರೆ ಬಣ್ಣ ತೋರಿಸ್ತಾ ಐತೆ.

ಚೆಲುವಯ್ಯ: ಆಟ ಆಡ್ತಿದ್ದೀರೇನ್ಲಾ ಲೋಕೇಶ? ಮೂರು ಸಲವೂ ನನ್ ಹೆಸ್ರಿಗೇ ನಿಂತೋಯ್ತು. ಛತ್ರದ ಹೆಸ್ರಿಗೆ ನಿಲ್ಲಾಕಿಲ್ಲ, ಬೀಗರ ಹೆಸ್ರಿಗೆ ನಿಲ್ಲಾಕಿಲ್ಲ. ನನ್ ಹೆಸ್ರಿಗೇ ಯಾಕ್ಲಾ?

ಲೋಕೇಶ: ಅಯ್ಯೋ ಹಂಗೇನಿಲ್ಲ ಮಾವ. ಸೌಮ್ಯ ಅಲ್ಲೀಗಂಟ ಸೇವ್ ಮಾಡವ್ಳೆ. ಆರಿ ಹತ್ತಿದ ಮ್ಯಾಲೆ ನಿಮ್ ಹೆಸ್ರಿಂದ್ಲೇ ಶುರು ಮಾಡ್ಬೇಕು. ಅಷ್ಟೊತ್ತಿಗೆ ಮತ್ತೆ ಬಿಸಿ ಏರಿ ಆಫ್ ಆಯ್ತದೆ.

ಚೆಲುವಯ್ಯ: ನನ್ ಹೆಸ್ರು ಕಂಡ್ರೆ ಅದಕ್ಕೆ ಬಿಸಿ ಏರ್ತದಾ?

ಲೋಕೇಶ: ಹಂಗಲ್ಲ ಮಾವ, ಬಸ್ ಸ್ಪೀಡು ಒಸಿ ಜಾಸ್ತಿ ಆಗೈತೆ. ನೂರಕ್ಕಿತ್ತು, ನೂರಾ ಮೂವತ್ತಕ್ಕೆ ಇಟ್ಟಿವ್ನಿ.

ಚೆಲುವಯ್ಯ: ಯಾವ ಬಸ್ಲಾ?

ಲೋಕೇಶ: ಇದ್ರೊಳಗಿನ ಬಸ್ಸು ಮಾವ. ಪ್ರೊಸೆಸರಿಂದ ಮೆಮೊರಿಗೆ ಹೋಗಿ ಬರೋ ದಾರಿಗೆ ಹಂಗಂತಾರೆ.

ಚೆಲುವಯ್ಯ: ನಮ್ ಕೋಡಿಹಳ್ಳಿ ಬಸ್ಸು ನಲವತ್ತು ದಾಟಿದ್ರೆ ಮ್ಯಾಲಿರೋ ಕೋಳಿ ಬುಟ್ಟಿ ಕೆಳೀಕ್ ಬೀಳ್ತದೆ. ನೀನು ಈ ಡಬ್ಬದಾಗೆ ನೂರಾ ಮೂವತ್ತಕ್ಕೆ ಬಸ್ ಓಡಿಸ್ತೀಯಾ?

ಸೌಮ್ಯ: ಅದಕ್ಕೇ ಮಾವ, ನಿಮ್ ಹೆಸ್ರು ಪಾಪ ಸ್ಟಾಪಲ್ಲಿ ಕೈ ಅಡ್ಡ ಹಾಕ್ಕೊಂಡು ನಿಂತಿರ್ತದೆ. ಈ ಡ್ರೈವರಪ್ಪ ಹತ್ತಿಸ್ಕೊಳ್ದೆ ಹೋಗ್ಬುಡ್ತಾರೆ.

ಚೆಲುವಯ್ಯ: ಮಿಕ್ಕೋರ್ನೆಲ್ಲ ಹತ್ತಿಸ್ಕಂಡೈತಲ್ಲ! ನಾನೊಬ್ಬನೇ ಏನ್ಲಾ ಟಿಕೆಟ್ ಇಲ್ದೋನು?

ಲೋಕೇಶನು ಹೆಂಡತಿಯ ಕಡೆ ಹಲ್ಲು ಕಡಿದು ನೋಡಿದ. ಅವಳು ಬಹಳ ವಿನಯದಿಂದ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಕೆಟ್ಟದ್ದನ್ನು ಸರಿಮಾಡುತ್ತೇನೆಂದು ಹೊರಟವನು ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಸರಿಯಾಗುತ್ತಿತ್ತು. ಆದರೆ ಇವನಿಗೆ ವಿವರಿಸುವ ಚಟ.

ಲೋಕೇಶ: ಮಾವ, ನಿಜ ಹೇಳ್ತೀನಿ ಕೇಳಿ. ಇದು ಕಡಿಮೆ ರೇಟಿನ ಪ್ರೊಸೆಸರು. ಇದ್ರಲ್ಲಿ ಕ್ಯಾಶ್ ಕಮ್ಮಿ.

ಚೆಲುವಯ್ಯ: ಹಂಗನ್ನು ಮತ್ತೆ! ಮದ್ವೆ ಮನೆ, ಕ್ಯಾಶ್ ಕಮ್ಮಿ ಬಿದ್ದೈತೆ. ಬಾಯಿ ಬುಟ್ಟು ಕೇಳೋದಲ್ವೇನ್ಲಾ? ಅದ್ಬುಟ್ಟು ನನ್ ಹೆಸ್ರು ಹಿಡ್ಕಂಡು ಸತಾಯಿಸ್ತೀಯಾ?

ಲೋಕೇಶ: ಆ ಕ್ಯಾಶ್ ಅಲ್ಲ ಮಾವ! ಇದು ಮೆಮೊರಿಗೆ ಸಂಬಂಧಪಟ್ಟಿದ್ದು.

ಚೆಲುವಯ್ಯ: ಮೆಮೊರಿ ವಿಚಾರ ನನ್ತಾವ ಎತ್ತಬ್ಯಾಡ. ನಿನ್ ಮದ್ವೆ ಕಾರ್ಡ್ನಾಗೆ ನನ್ ಹೆಸ್ರು ಏಳನೇದು. ನಿಮ್ಮಪ್ಪನ ಕಡೆ ಆರು ಜನ ಆದ್ಮ್ಯಾಕೆ ನಾನು! ನನ್ ಮೆಮೊರಿ ಒಂದು ದಿವ್ಸಾನೂ ಆಫ್ ಆಗಿಲ್ಲ ಕಣ್ಲಾ.

ಸೌಮ್ಯ: ನೋಡ್ರೀ, ಮೆಮೊರಿ ಅಂದ್ರೆ ಅದು. ಫ್ಯಾನ್ ಕೂಡ ಬೇಕಾಗಿಲ್ಲ.

ಚೆಲುವಯ್ಯ: ನೀನು ಸುಮ್ಕಿರವ್ವ. ಒಂದ್ ಕೆಲ್ಸ ಮಾಡು. ಬ್ಯಾರೆ ಯಾರ್ದಾರ ಹೆಸ್ರು ಹೊಡಿ. ನೋಡೇ ಬುಡಾನ.

ಸೌಮ್ಯ: ಯಾರ್ದು ಹೊಡೀಲಿ?

ಚೆಲುವಯ್ಯ: ಹೆಂಗೂ ಹಾಕ್ಬೇಕಲ್ಲ, ನನ್ ಹೆಂಡ್ರುದ್ದೇ ಹೊಡಿ.

ಅಷ್ಟು ಹೊತ್ತು ಮಾತಿನಲ್ಲೇ ಕಳೆದದ್ದರಿಂದ ಕಂಪ್ಯೂಟರು ಕೆಲಸವಿಲ್ಲದೆ ಒಂದಿಷ್ಟು ತಣ್ಣಗಾಗಿತ್ತು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೌಮ್ಯ 'ಶ್ರೀಮತಿ ಬೈರಮ್ಮ' ಎಂದು ಹೊಡೆದಳು. ಬಂತು. 'ಕೋಡಿಹಳ್ಳಿ' ಎಂದು ಹೊಡೆದಳು. ಅದೂ ಬಂತು. ಸೇವ್ ಕೂಡ ಆಯಿತು. ಆಮೇಲೆ ಮೇಲಿನ ಸಾಲಿಗೆ ಹೋಗಿ 'ಶ್ರೀ ಚೆ' ಎನ್ನುವಷ್ಟರಲ್ಲಿ ಟಪ್ಪೆಂದಿತು.

ಮತ್ತೆ ಹತ್ತಿಕೊಂಡ ಮೇಲೆ ಸೌಮ್ಯ ಫೈಲು ತೆರೆದಳು. ಸೋದರಮಾವ ಎಂಬ ತಲೆಬರಹದ ಕೆಳಗೆ ಬೈರಮ್ಮನವರು ಒಬ್ಬರೇ ನಿಂತಿದ್ದರು.

ಚೆಲುವಯ್ಯ: ನನ್ ಹೆಂಡ್ರು ನಿಂತ್ಕತ್ತಾಳೆ! ನಾನು ನಿಂತ್ಕಳಾಕಿಲ್ಲ! ಬಂದೋರೆಲ್ಲ ಏನನ್ಕತಾರ್ಲಾ? ಚೆಲುವಯ್ಯ ಏನ್ ಓಡೋದ್ನಾ ಅಂತ ಕೇಳಾಕಿಲ್ವಾ?

ಲೋಕೇಶ: ಮಾವ, ಮಾವ, ಒಂದ್ನಿಮಿಷ...

ಚೆಲುವಯ್ಯ: ಯಾವ ನಿಮಿಷವೂ ಬ್ಯಾಡ. ಹೆಣ್ಣನ್ನ ಕೈ ಹಿಡಿದು ಹಸೆಮಣೆಗೆ ಕರ್ಕಂಬರೋನು ಸೋದರಮಾವ. ಈ ಸಲ ನಿನ್ ಡಬ್ಬವೇ ಕರ್ಕಂಬರ್ಲಿ. ನೂರಾ ಮೂವತ್ತಕ್ಕೆ ಓಡ್ತದಲ್ಲ, ಮುಹೂರ್ತಕ್ಕೆ ಮುಂಚೇನೇ ಬಂದ್ಬುಡ್ತಾಳೆ. ನಾನ್ ಬತ್ತೀನಿ. ಅಕ್ಕನಿಗೆ ಹೇಳ್ಬುಡು.

ಚೆಲುವಯ್ಯ ಟವಲು ಕೊಡವಿ ಹೆಗಲಿಗೆ ಹಾಕಿ, ಹೊಸ್ತಿಲ ಹತ್ತಿರ ಚಪ್ಪಲಿಯೊಳಗೆ ಕಾಲು ತೂರಿಸಿದರು. ಮಾತು ಬರಿ ಬೆದರಿಕೆಯಾಗಿರಲಿಲ್ಲ. ಆ ಮನುಷ್ಯ ಒಮ್ಮೆ ಹೊಸ್ತಿಲು ದಾಟಿದರೆ ರಮ್ಯಾಳ ಮದುವೆಗಿರಲಿ, ಅವಳ ಮಗುವಿನ ನಾಮಕರಣಕ್ಕೂ ಬರುವ ಪೈಕಿ ಅಲ್ಲ. ಒಳಗೆ ಅಡುಗೆಮನೆಯಲ್ಲಿ ರಮ್ಯಾ ಮಾವನಿಗೆಂದೇ ಟೀ ಕುದಿಸುತ್ತಿದ್ದಳು.

ಸೌಮ್ಯ: ಏನ್ರೀ, ಈಗ್ಲಾದ್ರೂ ಹೇಳಿ. ನಿಮ್ಗೆ ತಂಗಿ ಬೇಕಾ, ಎಂಟೂವರೆ ಸಾವಿರ ಬೇಕಾ?

ಲೋಕೇಶ: ನೂರಿಪ್ಪತ್ತಕ್ಕೆ ಇಳಿಸ್ಲಾ?

ಸೌಮ್ಯ: ನೂರು.

ಲೋಕೇಶ: ನೂರಾ ಹತ್ತು. ಬಾಲರಾಜುಗೆ ಹೇಳ್ಬುಟ್ಟಿವ್ನಿ ಕಣೇ...

ಸೌಮ್ಯ: ಇದೇನ್ ಗೂಡಿನ ಹರಾಜೇನ್ರೀ? ಮಾವನ ಎಡಗಾಲು ಆಗ್ಲೇ ಆಚೆ ಐತೆ!

ಲೋಕೇಶ ಎದ್ದು ಓಡಿ ಮಾವನ ಟವಲಿನ ತುದಿ ಹಿಡಿದ.

ಲೋಕೇಶ: ಮಾವ, ತಪ್ಪು ನಂದು. ಬಾಲರಾಜು ಮ್ಯಾಲಿನ ಜಿದ್ದಿಗೆ ಬಿದ್ದು ಅದನ್ನ ತಾಳಲಾರ್ದಂಗೆ ಓಡಿಸ್ದೆ. ನಿಮ್ ಹೆಸ್ರಿಗೂ ಅದಕ್ಕೂ ಏನೂ ದ್ವೇಷ ಇಲ್ಲ. ನೀವ್ ಬರ್ದೆ ಇದ್ರೆ ರಮ್ಯಾ ಹಸೆಮಣೆಗೇ ಬರಾಕಿಲ್ಲ. ಅವ್ಳು ಅತ್ಬುಡ್ತಾಳೆ ಮಾವ. ಒಂದೇ ಒಂದು ಸಲ ಕೂತ್ಕಳಿ, ಈಗಿಂದೀಗ್ಲೇ ನೂರಕ್ಕೆ ಇಳಿಸ್ತೀನಿ.

ಚೆಲುವಯ್ಯ: ಇಳಿಸು. ನಿಂತ್ಕಂಡೇ ನೋಡ್ತೀನಿ.

ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಡಿಲೀಟ್ ಕೀಲಿಯನ್ನು ಟಕಟಕ ಒತ್ತಿ, ಲೋಕೇಶ ವೇಗ ಬದಲಿಸುವ ನೀಲಿ ಪಟ್ಟಿಯೊಂದರಲ್ಲಿ ಕೆಳಗಿಳಿದ. ನೂರಾ ಮೂವತ್ತಿದ್ದದ್ದನ್ನು ನೂರು ಮಾಡುವಾಗ ಅವನ ಮುಖ ನೋಡಬೇಕಿತ್ತು, ಸ್ವಂತ ಸಂಬಳ ಇಳಿಸಿಕೊಂಡವನ ಹಾಗಿತ್ತು. ಮೆಮೊರಿಯನ್ನೂ ಹಳೆಯ ವೇಗಕ್ಕೆ ತಂದ. ಕಂಪ್ಯೂಟರು ಆಕಳಿಸಿಕೊಂಡು ಎದ್ದಿತು. ಸೌಮ್ಯ ಒಂದೊಂದೇ ಅಕ್ಷರ ಒತ್ತಿದಳು. ಚೆಲುವಯ್ಯ ಉಸಿರು ಹಿಡಿದು ನಿಂತಿದ್ದರು.

ಸೌಮ್ಯ: ಶ್ರೀ ಚೆಲುವಯ್ಯನವರು. ಕೋಡಿಹಳ್ಳಿ. ಸೇವ್ ಮಾಡಿದ್ದೀನಿ ಮಾವ. ಆರಿಸಿ ಹೊತ್ತಿಸಿ ತೋರಿಸ್ಲಾ?

ಚೆಲುವಯ್ಯ: ತೋರ್ಸು.

ಆರಿಸಿ ಹೊತ್ತಿಸಿ ತೋರಿಸಿದಳು. ಹೆಸರು ಇತ್ತು, ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಚೆಲುವಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದು ಪರದೆಯ ಹತ್ತಿರ ಬಗ್ಗಿ ಒಂದು ಸಲ ಮನಸ್ಸಿನಲ್ಲಿ, ಒಂದು ಸಲ ಗಟ್ಟಿಯಾಗಿ ಓದಿಕೊಂಡರು. ಸಂತೋಷ ತಡೆಯಲಾರದೆ ಟವಲಿನಿಂದ ಮುಖ ಒರೆಸಿಕೊಂಡರು.

ಚೆಲುವಯ್ಯ: ನೋಡ್ಲಾ ಎಷ್ಟ್ ಚೆಂದಾಗೈತೆ. ಹಿಂಗೆ ನಿಧಾನಕ್ಕೆ ಬಂದ್ರೇನೇ ಮರ್ವಾದೆ. ಎಲ್ಲವ್ವ ರಮ್ಯಾ, ಟೀ ತತ್ತಾ!

ಟೀ ಬಂತು. ಕುರ್ಚಿಯಲ್ಲಿ ಮೊದಲಿನಂತೆ ಕಾಲ ಮೇಲೆ ಕಾಲು ಏರಿತು. ಸೌಮ್ಯ ನಿಟ್ಟುಸಿರು ಬಿಟ್ಟು ಮುಂದಿನ ಹೆಸರುಗಳ ಚೀಟಿ ಎತ್ತಿಕೊಂಡಳು.

ಸೌಮ್ಯ: ಹೆಣ್ಣಿನ ಕಡೆ ಮುಗೀತು. ಇನ್ನು ಗಂಡಿನ ಕಡೆ. ಗಂಡಿನ ಸೋದರಮಾವ, ಶ್ರೀ ದಾಸಪ್ಪ, ಉಯ್ಯಂಬಳ್ಳಿ.

ಲೋಟ ಚೆಲುವಯ್ಯನವರ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಚೆಲುವಯ್ಯ: ಯಾವ ದಾಸಪ್ಪ? ಎತ್ತಿನ ದಾಸಪ್ಪನಾ? ನೊಗ ಕಂಡ್ರೆ ಮಲಗೋ ಎತ್ತನ್ನ ನಂಗೆ ಕಟ್ಟಿದ ದಾಸಪ್ಪನಾ?

ಲೋಕೇಶ: ಮಾವ, ದಮ್ಮಯ್ಯ ಅಂತೀನಿ. ಗಂಡಿನ ಕಡೆ ಹಿರೀಕರು. ಅವ್ರ ಹೆಸ್ರು ಹಾಕ್ದೆ ಇರಕ್ಕಾಗಕಿಲ್ಲ.

ಚೆಲುವಯ್ಯ: ಹಾಕ್ಬ್ಯಾಡಿ ಅಂದ್ನೇನ್ಲಾ? ಬೀಗರು ಅಂದ್ಮ್ಯಾಲೆ ಹಾಕ್ಬೇಕು. ಧಾರಾಳವಾಗಿ ಹಾಕಿ. ಹೊಡಿಯವ್ವ, ದಪ್ಪ ಅಕ್ಷರದಾಗೇ ಹೊಡಿ.

ಸೌಮ್ಯ: ನಿಮ್ದು ದೊಡ್ಡ ಮನ್ಸು ಮಾವ.

ಚೆಲುವಯ್ಯ ಲೋಟ ಕೆಳಗಿಟ್ಟು, ಅಳಿಯನ ಕಡೆಗೆ ಬಾಗಿ ದನಿ ತಗ್ಗಿಸಿದರು.

ಚೆಲುವಯ್ಯ: ಲೇ ಲೋಕೇಶ. ಆ ಬಸ್ಸು... ಅವ್ನ ಹೆಸ್ರು ಬರೋವಾಗ ಒಸಿ ಮೊದ್ಲಿನಂಗೇ ಇಡ್ಲಾ.

ನೂರಕ್ಕೆ ಇಳಿಸಿದ ಮೇಲೆ ಮೊದಲ ಬಾರಿಗೆ ಲೋಕೇಶನ ಮುಖ ಅರಳಿತು.

ಲೋಕೇಶ: ನೂರಾ ಮೂವತ್ತು ಸಾಕಾ ಮಾವ?

ಚೆಲುವಯ್ಯ: ಹೊಗೆ ಕಾಣೋಗಂಟ ಎತ್ತು.