ಹಿಂದಿನ ಗಾಲಿಯ ಬಾಯಿ ಮುಚ್ಚಿಸಿದ್ದು

ಹೆಂಡತಿಯ ಕಣ್ಣು ತಪ್ಪಿಸಬಹುದು, ಕಿವಿ ತಪ್ಪಿಸುವುದು ಮಾತ್ರ ಕಷ್ಟ. ಸಂಸಾರಸ್ಥರಿಗೆಲ್ಲ ಇದು ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ನನ್ನ ಮನೆಯಲ್ಲಿ ಆ ಕಿವಿಗೆ ದಿನಾ ಚಾಡಿ ಹೇಳುತ್ತಿದ್ದದ್ದು ನಾನೇ ದುಡ್ಡು ಕೊಟ್ಟು ತಂದ ಸೈಕಲ್ಲು.

ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಗುಮಾಸ್ತ. ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಕಂಡುಹಿಡಿದ ಡಾಕ್ಟರು ಎರಡು ಅಪ್ಪಣೆ ಕೊಟ್ಟರು: ಮೋಟರ್ ಸೈಕಲ್ ಬಿಟ್ಟು ಸೈಕಲ್ ತುಳಿಯಬೇಕು, ಸಿಹಿ ಮುಟ್ಟಬಾರದು. ಮೊದಲನೆಯದನ್ನು ನಿಷ್ಠೆಯಿಂದ ಪಾಲಿಸಿದೆ. ಎರಡನೆಯದಕ್ಕೆ ಅಡ್ಡ ಬಂದವನು ದೊಡ್ಡ ರಸ್ತೆಯಿಂದ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಸಂಜೆ ಜಿಲೇಬಿ ಕರಿಯುವ ಬಂಡಿಯವನು. ಬಾಣಲೆಯಿಂದ ಎದ್ದು ಪಾಕಕ್ಕೆ ಬಿದ್ದ ಬಿಸಿ ಜಿಲೇಬಿ ಕಂಡರೆ ಪೆಡಲಿನ ಮೇಲಿನ ಕಾಲು ತಾನಾಗಿಯೇ ನೆಲಕ್ಕೆ ಊರುತ್ತದೆ. ಕಾಲು ಮಾಡಿದ ತಪ್ಪಿಗೆ ಮನುಷ್ಯ ಏನು ಮಾಡಬೇಕು?

ತೊಂದರೆ ಹಿಂದಿನ ಗಾಲಿಯದು. ಗಾಲಿಯ ಕಡ್ಡಿಗಳೆಲ್ಲ ಬಂದು ಸೇರುವ ನಡುಭಾಗಕ್ಕೆ ಹಬ್ ಎನ್ನುತ್ತಾರಲ್ಲ, ಅದರೊಳಗಿನ ಗ್ರೀಸು ಒಣಗಿ ಕಿರ್ರೋ ಮರ್ರೋ ಎಂದು ಅಳುತ್ತಿತ್ತು. ದೊಡ್ಡ ರಸ್ತೆಯಲ್ಲಿ ಅತ್ತರೆ ಮನೆಯ ಒಲೆಯ ಮುಂದೆ ಕೇಳುತ್ತಿತ್ತು. ಮೂಲೆಗೆ ಬಂದು ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತೋ, ನನ್ನ ಹೆಂಡತಿ ಮಹಾದೇವಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಹಾಜರು.

“ಎಷ್ಟ ತಿಂದ್ರಿ?”

“ಏ, ಹೆಡ್ ಮಾಸ್ತರ್ ಸಿಕ್ಕಿದ್ರು. ಮಾತಾಡಕೋತ ನಿಂತಿದ್ದೆ.”

“ಹೆಡ್ ಮಾಸ್ತರನ್ನ ಪಾಕದಾಗ ಅದ್ದಿ ತಗದಿದ್ರೇನು? ವಾಸನಿ ಇಲ್ಲೀತನಕ ಬರಾಕತ್ತದ.”

ಹೀಗೆ ಎಷ್ಟು ದಿನ ನಡೆದೀತು? ಸೈಕಲ್ ರಿಪೇರಿಯ ಮೌಲಾಸಾಬನ ಅಂಗಡಿಗೆ ಹೋದೆ. ಅವನು ಚೈನಿಗೆ ಎಣ್ಣೆ ಬಿಟ್ಟ, ಬ್ರೇಕು ಬಿಗಿದ, ಮುಂದಿನ ಗಾಲಿಗೆ ಗ್ರೀಸು ಹಚ್ಚಿದ. ಹಿಂದಿನ ಗಾಲಿ ಅಳುತ್ತಲೇ ಇತ್ತು. ಮತ್ತೆ ಹೋದೆ, ಮತ್ತೆ ಅದೇ ಕಥೆ. ಕೊನೆಗೊಂದು ದಿನ ದಬಾಯಿಸಿ ಕೇಳಿದಾಗ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ಕೈಮುಗಿದ.

“ಮಾಫ್ ಮಾಡ್ರಿ ಸರ. ನಿಮ್ಮ ಮನ್ಯಾಗಿನ ಅಕ್ಕಾರು ಬಂದು ಹೇಳಿ ಹೋಗ್ಯಾರ, ಹಿಂದಿನ ಗಾಲಿ ಮುಟ್ಟಬ್ಯಾಡ ಅಂತ. ನಿಮ್ಮ ಕೂಡ ಬೇಕಾದ್ರ ಜಗಳಾಡತೀನಿ, ಅವರ ಕೂಡ ನನ್ನ ಕೈಲೆ ಆಗಂಗಿಲ್ರಿ.”

ನನ್ನದೂ ಅದೇ ಹಣೆಬರಹ. ಆದರೆ ಪಾನಾ, ಒಂದು ಮುದ್ದೆ ಗ್ರೀಸು, ಬಾಟಲಿಯಲ್ಲಿ ಸ್ವಲ್ಪ ಸೀಮೆಎಣ್ಣೆ ಕೊಡಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಫ್ರೀವೀಲಿನಾಗ ಗ್ರೀಸ್ ತುಂಬಬ್ಯಾಡ್ರಿ ಸರ, ಅಂಟಕೊಂಡು ಪೆಡಲ್ ಖಾಲಿ ತಿರಗತದ. ಅಲ್ಲಿ ಬರೇ ಎಣ್ಣಿ ಬಿಡ್ರಿ” ಎಂದು ಪಿಸುದನಿಯಲ್ಲಿ ಹೇಳಿ ಕಳಿಸಿದ.

ಭಾನುವಾರ ಮಹಾದೇವಿ ನಮ್ಮ ಅವ್ವನನ್ನು ಕರೆದುಕೊಂಡು ಸುರಪುರಕ್ಕೆ, ನನ್ನ ತಂಗಿಯ ಕೂಸನ್ನು ನೋಡಲು ಹೊರಟಳು. “ಅಂಗಳದಾಗ ತೊಗರಿ ಒಣಾ ಹಾಕೀನಿ, ಕೋಳಿ ಬರದಂಗ ನೋಡ್ಕೋರಿ” ಎಂದಳು. ಆಕೆಯ ಬಸ್ಸು ಊರು ದಾಟಿರಲಿಕ್ಕಿಲ್ಲ, ನನ್ನ ಸೈಕಲ್ಲು ಅಂಗಳದಲ್ಲಿ ಕಾಲು ಮೇಲಾಗಿ ನಿಂತಿತ್ತು. ಮೊಬೈಲಿನಲ್ಲಿ ಯಾರೋ ಒಬ್ಬ ಕೈಗವಸು ತೊಟ್ಟು, ಧೂಳಿಲ್ಲದ ಮೇಜಿನ ಮೇಲೆ ಇದೇ ಕೆಲಸವನ್ನು ನಗುನಗುತ್ತ ಮಾಡುತ್ತಿದ್ದ. ನಟ್ಟು ಬಿಚ್ಚಿ, ಚೈನು ಸರಿಸಿ, ಗಾಲಿ ಹೊರಗೆ ತೆಗೆದು, ಆಕ್ಸಲಿನ ಮೇಲೆ ಗಾಲಿಯನ್ನು ಬಿಗಿ-ಸಡಿಲ ಮಾಡುವ ಕೋನು ತಿರುಗಿಸಿದೆ. ಒಳಗಿನ ಗ್ರೀಸು ಹಳೇ ಉಪ್ಪಿನಕಾಯಿ ಜಾಡಿಯ ತಳದಂತೆ ಕರ್ರಗೆ ಗಟ್ಟಿಯಾಗಿತ್ತು. ಅದರೊಳಗಿಂದ ಛರಿ ಗುಂಡುಗಳನ್ನು, ಅಂದರೆ ಬೇರಿಂಗಿನ ಉಕ್ಕಿನ ಗುಂಡುಗಳನ್ನು, ಒಂದೊಂದಾಗಿ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಮಹಾದೇವಿಯ ಊಟದ ತಾಟಿನಲ್ಲಿ ಹರವಿದೆ. ಬದಿಗೆ ಒಂಬತ್ತರಂತೆ ಹದಿನೆಂಟು, ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಆಗ ಕೋಳಿ ಬಂತು. “ಹುಶ್” ಎಂದು ಕಾಲು ಬೀಸಿದೆ. ಕೋಳಿ ಜಾಣತನದಿಂದ ತಪ್ಪಿಸಿಕೊಂಡಿತು, ತಾಟಿಗೆ ಅಷ್ಟು ಬುದ್ಧಿ ಇರಲಿಲ್ಲ.

ತೊಗರಿಯ ರಾಶಿಯೊಳಗೆ ಛರಿ ಗುಂಡು ಹುಡುಕುವ ಪ್ರಸಂಗ ನನ್ನ ವೈರಿಗೂ ಬರಬಾರದು. ಗಾತ್ರ ಅದೇ, ಆಕಾರ ಅದೇ, ಎಣ್ಣೆ ತಿಕ್ಕಿದ ತೊಗರಿ ಬಿಸಿಲಿಗೆ ಗುಂಡಿನಷ್ಟೇ ಮಿಂಚುತ್ತಿತ್ತು. ಒಂದು ಗುಂಡು ಉಳಿದು ಬೇಳೆಯ ಜೊತೆ ಬೆಂದು ಅವ್ವನ ಉಳಿದಿರುವ ಹಲ್ಲಿಗೆ ಸಿಕ್ಕರೆ ನನ್ನ ಗತಿ! ಕೈಯಾಡಿಸಿ ಕೈಯಾಡಿಸಿ ಸೋತು ಕೂತಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಗೊಂಬೆ ನೆನಪಾಯಿತು. ಅದರ ಬೆನ್ನಿಗೆ ಅಯಸ್ಕಾಂತವಿತ್ತು. ತೊಗರಿಯ ತುಂಬ ಮಾವಿನಹಣ್ಣು ಉಜ್ಜುತ್ತ ತೆವಳಿದೆ. ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ನೋಡಿ, “ಏನೋ ತಮ್ಮಾ, ದೇವರಿಗೆ ಹರಕಿ ಹೊತ್ತೀಯೇನು?” ಎಂದಳು. ಹೌದೆಂದೆ. ಎಲ್ಲ ಗುಂಡುಗಳೂ ಸಿಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು.

ಹೊಸ ಗ್ರೀಸು ಮೆತ್ತಿ, ಗುಂಡುಗಳನ್ನು ಬೆರಳಿನಿಂದ ಒತ್ತಿ ಕೂಡಿಸಿದೆ. ಕೋನು ಬಿಗಿ ಮಾಡಿದರೆ ಗಾಲಿ ತಿರುಗಲೊಲ್ಲದು, ಸಡಿಲ ಬಿಟ್ಟರೆ ಕುಡಿದವನಂತೆ ತೂರಾಡುತ್ತದೆ. ನಡುವಿನ ಹದ ಸಿಕ್ಕಾಗ ಗಾಲಿಯನ್ನು ಒಮ್ಮೆ ತಿರುಗಿಸಿದೆ. ತಿರುಗಿತು, ತಿರುಗುತ್ತಲೇ ಇತ್ತು, ಒಂದು ಸೊಲ್ಲಿಲ್ಲ. ನಿಜ ಹೇಳುತ್ತೇನೆ, ನೌಕರಿ ಸಿಕ್ಕ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಸಂಜೆ ಬಂದ ಮಹಾದೇವಿ ಮೂಗು ಅರಳಿಸಿ, “ಸೀಮೆಎಣ್ಣಿ ವಾಸನಿ ಯಾಕ್ರಿ?” ಎಂದಳು. ಮೊಣಕಾಲು ನೋವಿಗೆ ಹಚ್ಚಿಕೊಂಡೆ ಎಂದೆ. ಪಾಪ, ರಾತ್ರಿ ಬಿಸಿನೀರು ಕಾಸಿಕೊಟ್ಟಳು.

ಸೋಮವಾರ ಸಂಜೆ ಮೂಲೆಯಲ್ಲಿ ನಿಂತು ಎರಡು ಜಿಲೇಬಿ ತಿಂದೆ. ಅವಸರವಿಲ್ಲದೆ, ಬೆರಳು ನೆಕ್ಕಿ ತಿಂದೆ. ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು, ಬೆಕ್ಕಿನ ಹಾಗೆ ಅಂಗಳ ಸೇರಿದೆ. ಬಾಗಿಲಲ್ಲಿ ಯಾರೂ ಇಲ್ಲ. ಒಳಗೆ ನಗು ಕೇಳಿಸಿತು. ಇಣುಕಿದರೆ, ಅಡುಗೆಮನೆಯ ನೆಲದ ಮೇಲೆ ಪೇಪರು ಹಾಸಿ, ಅದರ ಮೇಲೆ ಜಿಲೇಬಿ ಹರವಿಕೊಂಡು, ಅತ್ತೆ ಸೊಸೆ ಎದುರುಬದುರು ಕೂತಿದ್ದರು!

“ಸಪ್ಪಳಾನ ಬರಲಿಲ್ಲಲ್ಲೋ ತಮ್ಮಾ!” ಎಂದಳು ಅವ್ವ, ಬಾಯಿತುಂಬ ಜಿಲೇಬಿ.

ನನಗೆ ಸಿಟ್ಟು ನೆತ್ತಿಗೇರಿತು. “ನನಗ ಮೆಂತ್ಯದ ಪಲ್ಯಾ ತಿನ್ನಿಸಿ ನೀವು ಇಲ್ಲಿ ಕುಂತು ಹಿಂಗ ಮೋಸಾ ಮಾಡ್ತೀರಿ? ನಾಚಿಕಿ ಬರಂಗಿಲ್ಲೇನು?” ಎಂದು ಕೂಗಾಡಿದೆ.

ಮಹಾದೇವಿ ತಲೆ ತಗ್ಗಿಸಿದಳು. “ನಿಮ್ಮೆದುರಿಗಿ ತಿಂದ್ರ ನಿಮ್ಮ ಜೀವಾ ಚುರ್ ಅಂತದಂತ, ಅತ್ತಿಗಿ ಆಸಿ ಆದಾಗಷ್ಟ ತರಸ್ತೀನ್ರಿ. ನಿಮ್ಮ ಗಾಲಿ ಸಪ್ಪಳ ಕೇಳಿದ ಕೂಡ್ಲೇ ಮುಚ್ಚಿ ಇಡತೀವಿ. ನಾವು ತಿನ್ನೋದು ನೋಡಿ ನೀವು ಮನಸಿಗಿ ಹಚ್ಕೋಬಾರದು ಅಂತ.”

ನಾಚಿಕೆ ಯಾರಿಗೆ ಬರಬೇಕಿತ್ತೋ ಅವರಿಗೇ ಬಂತು. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಹಾದೇವಿ ತಲೆಯೆತ್ತಿದಳು. ಆಕೆಯ ಕಣ್ಣು ನನ್ನ ಅಂಗಿಯ ಮೇಲೆ ನಿಂತಿತು. ಪಾಕ ಸೋರಿ ಕಿಸೆಯೆಲ್ಲ ಹಳದಿಯಾಗಿತ್ತು. ಎದ್ದು ಬಂದು ಎರಡು ಬೆರಳಿನಿಂದ ಪೊಟ್ಟಣ ತೆಗೆದು ಬಿಚ್ಚಿ, ಜಿಲೇಬಿಯನ್ನು ಪೇಪರಿನ ಮೇಲೆ ಇಟ್ಟಳು.

“ಅತ್ತಿ, ಇದೂ ನಿಮಗ ಇರಲಿ. ನಾಳಿಂದ ಮುಚ್ಚಿಡೋದು ಬ್ಯಾಡ, ಎದುರಿಗೇ ಕುಂತು ತಿನ್ನೂಣು.”

ಆಡಿದ ಮಾತು ತಪ್ಪುವವಳಲ್ಲ ನಮ್ಮ ಮಹಾದೇವಿ. ಈಗ ಅತ್ತೆ ಸೊಸೆ ಪಡಸಾಲೆಯಲ್ಲಿಯೇ ಕೂತು ತಿನ್ನುತ್ತಾರೆ, ನಾನು ಎದುರಿಗೆ ಕೂತು ಸಕ್ಕರೆಯಿಲ್ಲದ ಚಹಾ ಕುಡಿಯುತ್ತೇನೆ. ಬಂಡಿಯವನಿಗೂ ಆಕೆ ಹೋಗಿ ಹೇಳಿ ಬಂದಿದ್ದಾಳೆ, ನನಗೆ ಅಲ್ಲಿ ನಿಂತು ತಿನ್ನಲು ಒಂದು ಎಳೆಯೂ ಹುಟ್ಟುವುದಿಲ್ಲ. ಪೊಟ್ಟಣ ಕಟ್ಟಿ ಮಾತ್ರ ಕೊಡುತ್ತಾನೆ. ಏಕೆಂದರೆ ಜಿಲೇಬಿ ತರುವ ಕೆಲಸ ಈಗ ನನ್ನದೇ. ಗಾಲಿ ಅಷ್ಟು ಹಗುರಾಗಿ ಓಡುತ್ತದೆ, ಬಿಸಿ ಆರುವುದರೊಳಗೆ ಮನೆ ಮುಟ್ಟುತ್ತದೆ ಎಂದು ಮಹಾದೇವಿಗೆ ಬಹಳ ಸಂತೋಷ.